ಮೇಜಿನ ಈಚೆ ಕೂಡುವವನಿಗೂ ಕಾನೂನು ಬೇಕು

(ಮೆಟ್ಟುಪಾಳ್ಯಂನಲ್ಲಿ ನಡೆದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



"ವಿಶ್ವವಿದ್ಯಾಲಯಗಳಲ್ಲಿ ಕಾನೂನು ತರಬೇತಿ" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವನಿಗೆ ಈ ವಿಷಯವನ್ನು ಏಕೆ ಕೊಟ್ಟರೆಂದು ಕೊಟ್ಟವರನ್ನೇ ಕೇಳಬೇಕು. ಆದರೂ ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ನೂಲಿನ ಗಿರಣಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಕೆಲಸದಿಂದ ನಿಲ್ಲಿಸಿದರು. ಸಿರುಮುಗೈ ಕಡೆಯವಳು, ಮನೆಮಾತು ನಮ್ಮಂತೆಯೇ ಕನ್ನಡ. ತಮಿಳು ಚೆನ್ನಾಗಿ ಆಡುತ್ತಾಳೆ, ಓದಲು ಬಾರದು. "ರಜೆ ಚೀಟಿ ಅಂದರು ಅಣ್ಣಾ, ಸಹಿ ಹಾಕಿದೆ" ಎಂದಳು. ಅದು ರಾಜೀನಾಮೆ ಪತ್ರವಾಗಿತ್ತು. ಸಂಘದ ಪರವಾಗಿ ನಾನೇ ಸಂಧಾನಾಧಿಕಾರಿಯ ಮುಂದೆ ಹೋದೆ. ವಾರವಾರವೂ ಮಕ್ಕಳಿಗೆ ಧರ್ಮೋಪದೇಶ ಮಾಡುವ ಬಾಯಿ. ಅರ್ಧ ಗಂಟೆ ಚೆನ್ನಾಗಿಯೇ ಮಾತನಾಡಿದೆ. ಅಧಿಕಾರಿಗಳು ತಾಳ್ಮೆಯಿಂದ ಕೇಳಿ, "ಈ ಸಹಿ ಮೋಸದಿಂದ ಪಡೆದದ್ದು, ಆಕೆ ಕೆಲಸಕ್ಕೆ ಬರಲು ಸಿದ್ಧಳಿದ್ದಾಳೆ ಎಂದು ಗಿರಣಿಗೆ ಬರೆದುಕೊಟ್ಟಿರಾ?" ಎಂದರು. ಕೊಟ್ಟಿದ್ದೆವು. "ಪ್ರತಿ ಎಲ್ಲಿ? ತಲುಪಿದ್ದಕ್ಕೆ ಸಹಿ ಎಲ್ಲಿ?" ಗೇಟಿನಲ್ಲಿ ಕೈಗೆ ಕೊಟ್ಟು ಬಂದಿದ್ದೆವು, ಅಷ್ಟೆ. ಮೇಜಿನ ಆಚೆ ಕುಳಿತಿದ್ದವರು ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದರು. ಮಾತುಕತೆ ಮುರಿದಿತು. ಕೋರ್ಟಿಗೆ ಹೋಗುವ ದಾರಿ ಇತ್ತು, ಆದರೆ ಅವಳಿಗೆ ಸಾಕಾಗಿಹೋಗಿತ್ತು. ಕೊಟ್ಟಷ್ಟು ಹಣ ತೆಗೆದುಕೊಂಡು ಸಹಿ ಮಾಡಿದಳು. ಈಗ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ಗಿರಣಿಯವರು ಮಾಡಿದ್ದು ಒಂದು ಕಡೆ ಇರಲಿ, ಆ ಕಾಗದದ ವಿಷಯದಲ್ಲಿ ತಪ್ಪು ನನ್ನದು.

ಆ ಮೇಜಿನ ಈಚೆ ನಾನು ಹೇಗೆ ಕುಳಿತೆ? ಕಾನೂನೇ ಕೂಡಿಸಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 36ನೆಯ ಕಲಮು, ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯು ಕಾರ್ಮಿಕನ ಪರವಾಗಿ ನಿಲ್ಲಬಹುದೆಂದು ಹೇಳಿತು. ಸಂಧಾನದಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಲೇಬರ್ ಕೋರ್ಟಿನಲ್ಲೂ ಎದುರು ಪಕ್ಷ ಒಪ್ಪಿ, ಕೋರ್ಟು ಅನುಮತಿ ಕೊಟ್ಟರೆ ಮಾತ್ರ. ಆ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಈ ಏರ್ಪಾಡು ಅದರಲ್ಲಿಯೂ ಉಳಿದಿದೆ. ಬಡವನ ಜಗಳದಲ್ಲಿ ದುಬಾರಿ ವಕೀಲರು ಬರಬಾರದೆಂಬ ಒಳ್ಳೆಯ ಯೋಚನೆ ಅದು. ಆದರೆ ಪಾರಾದೀಪ್ ಪೋರ್ಟ್ ಟ್ರಸ್ಟ್ ಮೊಕದ್ದಮೆಯಲ್ಲಿ 1976ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಕಾನೂನು ಓದಿದವನು ಕಂಪನಿಯ ಸಂಬಳದ ಅಧಿಕಾರಿಯಾಗಿದ್ದರೆ, ಅಥವಾ ಮಾಲೀಕರ ಸಂಘದ ಪದಾಧಿಕಾರಿಯಾಗಿದ್ದರೆ, ಅವನು ಆ ಹೆಸರಿನಲ್ಲಿ ಬರಬಹುದು. ನಮ್ಮ ಸಂಘಗಳೂ ವಕೀಲರನ್ನು ಪದಾಧಿಕಾರಿ ಮಾಡಿಕೊಳ್ಳಬಹುದು, ನಿಜ. ಆದರೆ ನಮ್ಮಂಥ ಸಣ್ಣ ಸಂಘಕ್ಕೆ ಯಾರು ಬರುತ್ತಾರೆ? ಆಚೆ ಕಲಿತವರು, ಈಚೆ ನಾನು.

ಹಾಗಾದರೆ ಕಲಿಯುವುದು ಎಲ್ಲಿ? ಬೆಂಗಳೂರಿನ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಕರ್ನಾಟಕದ ಶಾಸನದಿಂದ ಹುಟ್ಟಿದ ವಿಶ್ವವಿದ್ಯಾಲಯ. 1988ರಲ್ಲಿ ಮೊದಲ ತರಗತಿಗಳು ಪ್ರಾರಂಭವಾದವು. ಮೊದಲ ನಿರ್ದೇಶಕರಾದ ಮಾಧವ ಮೆನನ್ ಅವರು ಕಲಮುಗಳ ಬಾಯಿಪಾಠ ಸಾಲದು, ನಿಜವಾದ ಜನರ ನಿಜವಾದ ಕೇಸುಗಳಿಂದ ಕಲಿಯಬೇಕು ಎಂದವರು. ಕಾರ್ಮಿಕ ಚಳವಳಿಯಲ್ಲಿ ದುಡಿದ ಬಾಬು ಮ್ಯಾಥ್ಯೂ ಅವರಂಥವರು ಅಲ್ಲಿ ಪಾಠ ಹೇಳಿದ್ದಾರೆ. ಕೆಲಸದಲ್ಲಿರುವವರಿಗಾಗಿಯೇ ಅಲ್ಲಿ ಡಿಪ್ಲೊಮಾಗಳಿವೆ: ಮಾನವ ಹಕ್ಕು, ಮಕ್ಕಳ ಹಕ್ಕು, ಪರಿಸರ, ಗ್ರಾಹಕ ಕಾನೂನು, ವೈದ್ಯಕೀಯ ಕಾನೂನು ಇತ್ಯಾದಿ. ವಕೀಲರೇ ಆಗಿರಬೇಕಿಲ್ಲ, ಯಾವುದೇ ಪದವಿ ಸಾಕು. ಆದರೆ ಪದವಿ ಬೇಕೇ ಬೇಕು, ಇಂಗ್ಲಿಷೂ ಬೇಕು. ಗಿರಣಿಯ ಅಧಿಕಾರಿ ಬಿ.ಕಾಂ. ಹಿಡಿದು ಒಳಗೆ ಹೋಗಬಹುದು. ಅವರೆದುರು ಕುಳಿತುಕೊಳ್ಳೆಂದು ಕಾನೂನು ಹೇಳಿದ ನನಗೆ ಆ ಬಾಗಿಲು ತೆರೆಯದು. ಚೆನ್ನೈಯಲ್ಲಿ 1997ರಿಂದ ನಡೆಯುತ್ತಿರುವ ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಕಾಲೇಜು ನಮ್ಮ ಕೊಯಮತ್ತೂರಿನಲ್ಲೇ ಇದೆ. ಪ್ಲಸ್ ಟೂ ಮುಗಿಸಿದ ಮಕ್ಕಳು ಐದು ವರ್ಷದ ಕೋರ್ಸಿಗೆ ಅರ್ಜಿ ಹಾಕಬಹುದು. ನಿಮ್ಮಲ್ಲಿ ಓದುವ ಹುಡುಗಿಯರಿದ್ದರೆ ಕಳುಹಿಸಿ, ಇಂಜಿನಿಯರಿಂಗ್ ಒಂದೇ ದಾರಿಯಲ್ಲ.

ನಾನು ವಿಶ್ವವಿದ್ಯಾಲಯವನ್ನು ದೂರುತ್ತಿಲ್ಲ. ಡಿಪ್ಲೊಮಾ ಕೊಡುವವರಿಗೆ ಅವರ ನಿಯಮಗಳಿರುತ್ತವೆ. ನಾನು ಕೇಳುವುದು ಡಿಪ್ಲೊಮಾ ಅಲ್ಲ. ಉಪದೇಶಿಯ ತರಬೇತಿಗೆ ನಮ್ಮ ಸ್ವಾಮಿಗಳು ನನ್ನನ್ನು ಕಳುಹಿಸಿದಾಗ ಯಾರೂ ಬಿ.ಎ. ಕೇಳಲಿಲ್ಲ, ಮಾಡುವ ಕೆಲಸಕ್ಕೆ ಬೇಕಾದದ್ದನ್ನು ಕಲಿಸಿದರು. ಕಾನೂನಿನಲ್ಲಿಯೂ ಅಂಥದೊಂದು ಕಿಟಕಿ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2009ರಲ್ಲಿ ಪ್ಯಾರಾ ಲೀಗಲ್ ವಾಲಂಟಿಯರುಗಳ ಯೋಜನೆ ತಂದಿತು. ಹತ್ತನೆಯ ತರಗತಿ ಓದಿದವರೂ ಸೇರಬಹುದು. ಜಿಲ್ಲಾ ಪ್ರಾಧಿಕಾರವೇ ತರಬೇತಿ ಕೊಡುತ್ತದೆ. ಆದರೆ ಅದು ಕೆಲವೇ ದಿನಗಳದು; ಅಷ್ಟರಲ್ಲಿ ಹತ್ತಾರು ಕಾನೂನುಗಳನ್ನು ಮುಟ್ಟಿಹೋಗಬೇಕು. ಅದೇ ಪ್ರಾಧಿಕಾರದ 1987ರ ಕಾಯಿದೆಯ 12ನೆಯ ಕಲಮನ್ನು ಮಾತ್ರ ನೀವು ತಿಳಿದಿರಬೇಕು. ಉಚಿತ ವಕೀಲರು ಕಡುಬಡವರಿಗೆ ಮಾತ್ರವೆಂದು ನಮ್ಮವರು ನಂಬಿದ್ದಾರೆ. ಹಾಗಲ್ಲ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಆ ಹಕ್ಕಿದೆ. ಕೇಸಿನಲ್ಲಿ ಹುರುಳಿರಬೇಕು, ಅಷ್ಟೆ. ಆ ತಂಗಿಗೆ ಕೋರ್ಟಿನ ದಾರಿ ಭಾರವೆನಿಸಿದಾಗ ನನಗೆ ಇದು ಗೊತ್ತಿರಲಿಲ್ಲ.

ಗೊತ್ತಿದ್ದದ್ದೂ ಹಳತಾಗುತ್ತದೆ. ಹಳೆಯ ಕಾಯಿದೆಯಲ್ಲಿ, ಕೆಲಸ ಕಳೆದುಕೊಂಡವನು ನೇರವಾಗಿ ಲೇಬರ್ ಕೋರ್ಟಿಗೆ ಹೋಗಲು 3 ವರ್ಷದ ಗಡುವಿತ್ತು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ 2 ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಳೆಯ ಪುಸ್ತಕ ನೋಡಿಕೊಂಡು "ಇನ್ನೂ ಸಮಯವಿದೆ" ಎನ್ನುವ ಕಾರ್ಯದರ್ಶಿ ಒಂದು ಮನೆಯ ಅನ್ನ ಕಳೆಯುತ್ತಾನೆ. ಆದುದರಿಂದ ಕಾನೂನು ಶಾಲೆಗಳಿಗೆ ನಮ್ಮ ಸಂಘದಿಂದ ಒಂದು ಮನವಿ ಬರೆಯೋಣವೆಂದಿದ್ದೇನೆ: ಪದವಿ ಕೇಳದೆ, ತಮಿಳಿನಲ್ಲಿಯೂ ಕನ್ನಡದಲ್ಲಿಯೂ, ಸಂಘದ ಪದಾಧಿಕಾರಿಗಳಿಗೆ ಎರಡು ವಾರದ ಪಾಠ. ಚಾರ್ಜ್‌ಶೀಟಿಗೆ ಉತ್ತರ ಬರೆಯುವುದು, ಎನ್‌ಕ್ವೈರಿಯಲ್ಲಿ ಸಾಕ್ಷಿಯನ್ನು ಪ್ರಶ್ನಿಸುವುದು, ತಾರೀಖು ಲೆಕ್ಕ ಹಾಕುವುದು, ಪ್ರತಿ ಇಟ್ಟುಕೊಳ್ಳುವುದು. ಇಷ್ಟು ಸಾಕು.

ಉತ್ತರ ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ಭಾನುವಾರ ಪೂಜೆಯ ನಂತರ ಇಲ್ಲಿಯೇ ಕೂಡೋಣ. ಮನೆಯಲ್ಲಿರುವ ನೇಮಕಾತಿ ಪತ್ರ, ಸಂಬಳದ ಚೀಟಿ, ಮೆಮೊ, ಏನಿದ್ದರೂ ತನ್ನಿ. ನೇಮಕಾತಿ ಪತ್ರವೇ ಇಲ್ಲದವರು ಮೊದಲು ಬನ್ನಿ. ಅದನ್ನು ಕೊಡಲೇಬೇಕೆಂದು ಈಗ ಕಾನೂನಿನಲ್ಲಿದೆ, ಕೇಳುವ ಅರ್ಜಿಯನ್ನು ಅಂದೇ ಬರೆಯೋಣ. ಎರಡು ಪ್ರತಿ ಬರೆಯೋಣ.