ಜೋಮು ಹಿಡಿದರೆ ಬರೀ ‘ವಾಯು’ ಎನ್ನಬೇಡಿ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲದ ಲೆಕ್ಕ ಎಲ್ಲ ಮುಗಿಸಿ ನನಗೆ ಅರ್ಧ ತಾಸು ಕೊಟ್ಟಿದ್ದೀರಿ. ಇವತ್ತು ಕೈಕಾಲು ಜೋಮು ಹಿಡಿಯುವ ವಿಷಯ ಮಾತಾಡೋಣ. ಇದೇನು ದೊಡ್ಡ ವಿಷಯ ಅನ್ನಬಹುದು. ನೀವೇ ನನಗೆ ಹೇಳ್ತೀರಿ, “ಸಿಸ್ಟರ್, ನೋವೇನಿಲ್ರೀ, ಸುಮ್ನ ಜುಮ್ ಜುಮ್ ಅಂತೈತಿ.” ನೋವಿದ್ದರೆ ದವಾಖಾನೆಗೆ ಓಡ್ತೀವಿ. ಜೋಮಿಗೆ ಯಾರು ಹೋಗ್ತಾರೆ? ವಾಯು ಅಂತೀವಿ, ಎಣ್ಣೆ ತಿಕ್ಕಿಕೊಂಡು ಮಲಗ್ತೀವಿ.

ಕಾಲು ಮಡಚಿ ಕುಳಿತಾಗ ಬರುವ ಜೋಮು ಎದ್ದು ನಾಲ್ಕು ಹೆಜ್ಜೆ ನಡೆದರೆ ಹೋಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ವಾರಗಟ್ಟಲೆ ಉಳಿಯುವುದು ಬೇರೆ. ಶುಗರ್ ಇದ್ದವರ ಪಾದ ಜೋಮು ಹಿಡಿಯುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ರಕ್ತ ತಪಾಸಣೆಯಲ್ಲಿ ಶುಗರ್ ಇಲ್ಲ ಎಂದು ಬಂದ ಕೂಡಲೇ ನಾವು ನಿಶ್ಚಿಂತರಾಗಿ ಮನೆಗೆ ಬಂದುಬಿಡುತ್ತೇವೆ. ನಾನು ಹೇಳಬೇಕಾಗಿರುವುದು ಅಲ್ಲಿಂದ ಮುಂದಿನ ಮಾತು.

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸಭೆಗೆ ಹೋದಾಗ ಒಬ್ಬ ಸದಸ್ಯೆಯ ಬೆರಳಿನ ಮೇಲೆ ಸುಟ್ಟ ಬೊಬ್ಬೆ ಕಂಡಿತು. ಏನಾಯ್ತವ್ವ ಎಂದು ಕೇಳಿದೆ. “ರೊಟ್ಟಿ ಬೇಯಸುವಾಗ ಹಂಚು ತಾಕೇತ್ರೀ, ಬೊಬ್ಬಿ ಎದ್ದ ಮ್ಯಾಲ ಗೊತ್ತಾತು” ಎಂದಳು. ಆಮೇಲೆ ಗೊತ್ತಾಗುವ ಸುಡುವಿಕೆ ಇರುತ್ತದೆಯೇ? ಅವಳ ಮೊಣಕೈ ಹತ್ತಿರ ತಿಳಿಬಣ್ಣದ ಒಂದು ಮಚ್ಚೆ ಇತ್ತು. ಮೂರು ವರ್ಷದಿಂದ ಇದ್ದದ್ದು. ಮಗಳ ಮದುವೆಗೆ ಅಡ್ಡಿಯಾದೀತು ಎಂದು ಸೆರಗಿನಲ್ಲಿ ಮುಚ್ಚಿಕೊಂಡೇ ಇದ್ದಳು. ನಿಜ ಹೇಳುತ್ತೇನೆ, ಆ ಮಚ್ಚೆಯನ್ನು ನಾನೂ ಮೊದಲೊಮ್ಮೆ ನೋಡಿದ್ದೆ. ಕೇಳಿದರೆ ಬೇಜಾರಾದಾಳು ಎಂದು ಸುಮ್ಮನಾಗಿದ್ದೆ. ಅದು ಕುಷ್ಠರೋಗ. ಹನ್ನೆರಡು ತಿಂಗಳು ಗುಳಿಗೆ ತೆಗೆದುಕೊಂಡಳು, ರೋಗ ಹೋಯಿತು. ಆದರೆ ಅಷ್ಟರಲ್ಲಿ ಬಾಗಿದ್ದ ಕಿರುಬೆರಳು, ಉಂಗುರ ಬೆರಳು ನೆಟ್ಟಗಾಗಲಿಲ್ಲ. ಅವಳು ಹೊಲಿಗೆ ಯಂತ್ರದ ಮೇಲೆ ಕೂತಾಗಲೆಲ್ಲ ನನಗೆ ನನ್ನ ಸುಮ್ಮನಿದ್ದದ್ದು ನೆನಪಾಗುತ್ತದೆ.

ಕುಷ್ಠರೋಗ ಈಗೆಲ್ಲಿದೆ ಎಂದು ಕೇಳುವವರಿದ್ದಾರೆ. 2005ರ ಕೊನೆಗೆ ನಮ್ಮ ದೇಶದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ಆಯಿತು. ಕಡಿಮೆ ಆಯಿತು ಅಂದರೆ ಇಲ್ಲ ಅಂತಲ್ಲ. ಹೊಸ ರೋಗಿಗಳು ಇವತ್ತಿಗೂ ಸಿಗುತ್ತಾರೆ. ಪ್ರತಿ ಮಚ್ಚೆಯೂ ಕುಷ್ಠವಲ್ಲ, ಅದೂ ನೆನಪಿರಲಿ. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಕುಷ್ಠದ ಮಚ್ಚೆ ತಿಳಿಬಣ್ಣ ಇಲ್ಲವೇ ಕೆಂಪಗೆ ಇರುತ್ತದೆ, ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ದಯವಿಟ್ಟು ಸೂಜಿ ಚುಚ್ಚಬೇಡಿ, ಬರೆ ಹಾಕಬೇಡಿ. ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ಆರು ಅಥವಾ ಹನ್ನೆರಡು ತಿಂಗಳು. ಕುಷ್ಠವಿದೆ ಎಂದು ಗಂಡ ವಿಚ್ಛೇದನ ಕೇಳುವ ಹಾಗೂ ಇಲ್ಲ. 2019ರಲ್ಲಿ ಸಂಸತ್ತು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹ ಕಾನೂನುಗಳಿಂದ ಆ ಕಾರಣವನ್ನು ತೆಗೆದುಹಾಕಿತು. ಮೊಲೊಕಾಯ್ ದ್ವೀಪದ ಸಂತ ದಾಮಿಯಾನರಿಗೆ 1884ರಲ್ಲಿ ಕುದಿಯುವಂಥ ನೀರಿನಲ್ಲಿ ಕಾಲಿಟ್ಟರೂ ಬಿಸಿ ತಿಳಿಯಲಿಲ್ಲವಂತೆ. ಆಗ ಔಷಧವಿರಲಿಲ್ಲ, ಐದು ವರ್ಷದಲ್ಲಿ ತೀರಿಕೊಂಡರು. ಈಗ ಔಷಧವಿದೆ. ನಾವು ಮುಚ್ಚಿಡುವುದೇ ತೊಂದರೆ.

ಇನ್ನೊಂದು ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ನರಗಳಿಗೆ ಬಿ-12 ಎಂಬ ವಿಟಮಿನ್ ಬೇಕು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಜೋಳದ ರೊಟ್ಟಿ, ಪುಂಡಿಪಲ್ಯೆ, ಬೇಳೆ ಎಲ್ಲ ಒಳ್ಳೆಯ ಊಟವೇ, ಆದರೆ ಅದರಲ್ಲಿ ಬಿ-12 ಇಲ್ಲ. ಮಾಂಸ ಮೊಟ್ಟೆ ಮುಟ್ಟದ ಮನೆಗಳು ನಮ್ಮ ಕಡೆ ಬಹಳ. ಅವರಿಗೆ ಹಾಲು ಮೊಸರೇ ಆಧಾರ. ಈಗ ನೋಡಿ, ಸಂಘದ ಸಾಲದಲ್ಲಿ ಎಮ್ಮೆ ತಂದಿದ್ದೀರಿ. ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಮಕ್ಕಳಿಗೆ, ಗಂಡನಿಗೆ. ಎಮ್ಮೆಯ ಮೈ ತೊಳೆದು ಮೇವು ಹಾಕಿದವಳಿಗೆ? ಚಹಾಕ್ಕೆ ಎರಡು ಚಮಚ! ಕೈ ಎತ್ತಿ ಅಂತ ಹೇಳುವುದಿಲ್ಲ, ನನಗೆ ಗೊತ್ತಿದೆ.

ಈ ಕೊರತೆ ಒಂದೆರಡು ತಿಂಗಳಲ್ಲಿ ಕಾಣುವುದಿಲ್ಲ. ದೇಹ ಕೂಡಿಟ್ಟದ್ದು ಮುಗಿಯಲು ವರ್ಷಗಳೇ ಬೇಕು. ಆಮೇಲೆ ಪಾದ ಜೋಮು, ಹತ್ತಿಯ ಮೇಲೆ ನಡೆದಂಗ ಅನಿಸುವುದು, ಕತ್ತಲಲ್ಲಿ ತೋಲ ತಪ್ಪುವುದು, ನಾಲಿಗೆ ಕೆಂಪಾಗಿ ಉರಿಯುವುದು, ಮರೆವು. ಅಂಗನವಾಡಿ, ಉಪಕೇಂದ್ರಗಳಲ್ಲಿ ಕೊಡುವ ಕಬ್ಬಿಣದ ಗುಳಿಗೆ ರಕ್ತಕ್ಕೆ ಒಳ್ಳೆಯದು, ಆದರೆ ಅದು ಬಿ-12 ಅಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹಳ ವರ್ಷ ನುಂಗಿದವರಲ್ಲಿಯೂ ಬಿ-12 ಇಳಿಯುತ್ತದೆ. ಹೀಗಾಗಿ ಶುಗರ್ ಇದ್ದವರ ಜೋಮು ಕೂಡ ಬರೀ ಶುಗರ್‌ನಿಂದಲೇ ಎಂದು ತಿಳಿಯಬೇಡಿ. ಗುಳಿಗೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಇಂಜೆಕ್ಷನ್ ಇಲ್ಲವೇ ಗುಳಿಗೆಯಿಂದ ತುಂಬಿಸಬಹುದು. ಬಹಳ ತಡವಾದರೆ ನರ ಪೂರ್ತಿ ಸುಧಾರಿಸುವುದಿಲ್ಲ.

ಟಿ.ಬಿ. ಗುಳಿಗೆ ನುಂಗುವವರಿಗೆ ಪಾದ ಉರಿದು ಜೋಮು ಬಂದರೆ ಅದು ಐಸೋನಿಯಾಜಿಡ್ ಎಂಬ ಔಷಧದಿಂದ ಇರಬಹುದು. ಬಿ-6 ಕೊಡುತ್ತಾರೆ, ಟಿ.ಬಿ. ಗುಳಿಗೆ ಮಾತ್ರ ಬಿಡಬಾರದು. ಬಸುರಿಯರಿಗೆ, ಥೈರಾಯ್ಡ್ ಇದ್ದವರಿಗೆ ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದುಂಟು, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತದೆ. ಹೊಲಕ್ಕೆ ಎಣ್ಣೆ ಹೊಡೆಯುವಾಗ ವಿಷ ಏರಿ ದವಾಖಾನೆ ಸೇರಿ ಗುಣವಾದವರಿಗೆ ಎರಡು ಮೂರು ವಾರದ ನಂತರ ಪಾದ ಜೋಮು ಹಿಡಿದು ಕಾಲು ಸೋಲಬಹುದು. ಅದನ್ನು ಬೇರೆ ರೋಗ ಎಂದುಕೊಳ್ಳದೆ ಹಳೆಯ ಕಥೆಯನ್ನೂ ಡಾಕ್ಟರಿಗೆ ಹೇಳಿ.

ಡಾಕ್ಟರಿಗೆ ನಿಮ್ಮ ಊಟ, ನಿಮ್ಮ ಕೆಲಸ, ನೀವು ನುಂಗುವ ಗುಳಿಗೆ ಗೊತ್ತಿರುವುದಿಲ್ಲ. ಗುಳಿಗೆ ಚೀಟಿ, ನಾಟಿ ಔಷಧದ ಪುಡಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಎದುರು ಕೂತು “ಏನಿಲ್ರೀ, ಸುಮ್ನ ಬಂದೇನಿ” ಅನ್ನಬೇಡಿ. ಆದರೆ ಮುಖದ ಅಥವಾ ಮೈಯ ಒಂದು ಬದಿ ಒಮ್ಮಿಂದೊಮ್ಮೆಲೆ ಜೋಮಾದರೆ, ಮಾತು ತೊದಲಿದರೆ, ಅಥವಾ ಪಾದದ ಜೋಮು ಎರಡು ಮೂರು ದಿನದಲ್ಲಿ ಮೇಲೇರುತ್ತ ಕಾಲು ಸೋತರೆ, ಚೀಲ ಹುಡುಕುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲ್ಲರ ಮುಂದೆ ಬೇಡ ಎನ್ನುವವರು, ಮಚ್ಚೆ ತೋರಿಸಬೇಕಾದವರು, ಚಹಾ ಆದ ಮೇಲೆ ಒಳಗಿನ ಕೋಣೆಗೆ ಬನ್ನಿ. ಆಶಾ ಕಾರ್ಯಕರ್ತೆಯೂ ಬಂದಿದ್ದಾರೆ, ನಾನೂ ಇರುತ್ತೇನೆ.