ಮನೋವೈದ್ಯಕೀಯ ಸೀಟಿಗೆ ಸಂದರ್ಶನ ಎಲ್ಲಿ ನಡೆಯುತ್ತದೆ?

(ನಮ್ಮ ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಡಾಕ್ಟರಿಕೆಯ ವಿಷಯ ಯಾಕೆ ಎತ್ತಿಕೊಂಡರು ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಎಂ.ಬಿ.ಬಿ.ಎಸ್. ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಇಬ್ಬರು ಬೇರೆ ಬೇರೆ ದಿನ ಬಂದು ಒಂದೇ ಪ್ರಶ್ನೆ ಕೇಳಿದರು: "ಸರ್, ಸೈಕಿಯಾಟ್ರಿ ಪಿ.ಜಿ.ಗೆ ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?" ನಾನು ವಿಚಾರಿಸಿ ನೋಡಿದೆ. ಉತ್ತರ ಬಹಳ ಚಿಕ್ಕದು. ನಮ್ಮಲ್ಲಿ ಇಂಟರ್‌ವ್ಯೂ ಇಲ್ಲ.

ಮೂರು ವರ್ಷದ ಎಂ.ಡಿ. ಸೀಟಿಗೆ ನೀಟ್-ಪಿ.ಜಿ. ಬರೆಯಬೇಕು. ಇನ್ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಒಂದನ್ನು ಆರಿಸುವುದು. ಬೆಂಗಳೂರಿನ ನಿಮ್ಹಾನ್ಸ್ ಸೇರಬೇಕಾದರೆ 2021ರ ಪ್ರವೇಶದಿಂದ ಐ.ಎನ್.ಐ.-ಸಿ.ಇ.ಟಿ. ಎಂಬ ಇನ್ನೊಂದು ಪರೀಕ್ಷೆ. ಅದನ್ನು ದೆಹಲಿಯ ಏಮ್ಸ್ ನಡೆಸುತ್ತದೆ. ರ‍್ಯಾಂಕ್ ಬಂದ ಮೇಲೆ ಕಂಪ್ಯೂಟರ್ ಮುಂದೆ ಕುಳಿತು ಆಪ್ಷನ್ ಎಂಟ್ರಿ ಮಾಡಬೇಕು. ರಾಜ್ಯದ ಪಾಲಿನ ಸೀಟುಗಳನ್ನು ನಮ್ಮ ಕೆ.ಇ.ಎ. ಹಂಚುತ್ತದೆ. ಅಲ್ಲಿ ದಾಖಲೆಗಳನ್ನು ನೋಡುತ್ತಾರೆ, ಮನುಷ್ಯನನ್ನು ನೋಡುವುದಿಲ್ಲ. ಇದು ಬೇಡ ಎಂದು ನಾನು ಹೇಳುತ್ತಿಲ್ಲ. ವಶೀಲಿ ಇಲ್ಲದ ನಮ್ಮಂಥ ಊರಿನ ಮಕ್ಕಳಿಗೆ ರ‍್ಯಾಂಕೇ ದೊಡ್ಡ ರಕ್ಷಣೆ.

ಅಮೆರಿಕದಲ್ಲಿ ಪದ್ಧತಿ ಬೇರೆ. ಅಲ್ಲಿ ಸೈಕಿಯಾಟ್ರಿ ರೆಸಿಡೆನ್ಸಿ ನಾಲ್ಕು ವರ್ಷ. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರಲ್ಲಿ ಕೆಲವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ. 2020ರ ಕೊರೋನಾದ ನಂತರ ಅದು ಹೆಚ್ಚಾಗಿ ವಿಡಿಯೋದಲ್ಲೇ ನಡೆಯುತ್ತದೆ. ಕೊನೆಗೆ ಅಭ್ಯರ್ಥಿ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಆಸ್ಪತ್ರೆ ಅಭ್ಯರ್ಥಿಗಳ ಪಟ್ಟಿ ಕೊಡುತ್ತದೆ, ಎರಡನ್ನೂ ಹೊಂದಿಸಿ ಮಾರ್ಚ್‌ನಲ್ಲಿ ಫಲಿತಾಂಶ ಹೇಳುತ್ತಾರೆ. ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳು ಕೇಳಲು ಸುಲಭ. ಈ ವಿಭಾಗವೇ ಯಾಕೆ? ನಿಮ್ಮ ಮನಸ್ಸಿನಲ್ಲಿ ಉಳಿದ ರೋಗಿ ಯಾರು? ನಿಮ್ಮ ಕಷ್ಟಕಾಲದಲ್ಲಿ ಏನು ಮಾಡಿದಿರಿ? ಹೊರಗಿನವರು ಹೀಗೆ ಕೇಳದಿದ್ದಾಗ ನಮ್ಮ ಮಕ್ಕಳು ತಾವೇ ಕೇಳಿಕೊಳ್ಳಬೇಕು, ಅದೂ ಆಪ್ಷನ್ ಎಂಟ್ರಿಗೆ ಮೊದಲೇ. ಎಂ.ಬಿ.ಬಿ.ಎಸ್.ನಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪರೀಕ್ಷೆಯಿಲ್ಲ, ಜನರಲ್ ಮೆಡಿಸಿನ್ ಜೊತೆ ಸೇರಿದೆ. ಇಂಟರ್ನ್‌ಶಿಪ್‌ನಲ್ಲಿ ಸಿಗುವುದು ಎರಡು ವಾರ. ಆ ಎರಡು ವಾರ ರಜೆ ಎಂದು ತಿಳಿಯುವವನು ತನ್ನ ಸಂದರ್ಶನಕ್ಕೆ ತಾನೇ ಗೈರುಹಾಜರಾದಂತೆ.

ಇನ್ನೊಂದು ಸಂದರ್ಶನ ಮನೆಯಲ್ಲಿ ನಡೆಯುತ್ತದೆ. ಅದು ಎಲ್ಲಕ್ಕಿಂತ ಕಠಿಣ. ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿಗೆ ಸರ್ಕಾರಿ ಕಾಲೇಜಿನಲ್ಲಿ ಸೈಕಿಯಾಟ್ರಿ ಸೀಟು ಸಿಕ್ಕಿತು. ಅವಳ ತಂದೆ ಅದೇ ರಾತ್ರಿ ನಮ್ಮ ಮನೆಗೆ ಬಂದರು. "ಮಾಸ್ಟರ್ ಸಾಬ್, ನೀವಾದರೂ ಹೇಳಿ. ಹುಚ್ಚರ ಡಾಕ್ಟರ್ ಅಂದರೆ ನಾಳೆ ಯಾರು ಸಂಬಂಧ ತರ್ತಾರೆ? ಇನ್ನೊಂದು ವರ್ಷ ಓದಲಿ, ಹೆರಿಗೆ ಡಾಕ್ಟರಾಗಲಿ" ಎಂದರು. ನಾನು ವಾದಕ್ಕೆ ಹೋಗಲಿಲ್ಲ. ಹೊರರೋಗಿಗಳ ವಿಭಾಗದ ಮುಂದಿನ ಬೆಂಚಿನಲ್ಲಿ ಒಂದು ಬೆಳಿಗ್ಗೆ ಕುಳಿತು ಬನ್ನಿ, ಒಳಗೆ ಹೋಗುವುದೇನೂ ಬೇಡ ಎಂದೆ. ಅವರು ಬಸ್ಸು ಹತ್ತಿ ಹೋಗಿ ಕುಳಿತು ಬಂದರು. ಆ ಸಾಲಿನಲ್ಲಿ ನಮ್ಮ ಕಡೆಯವರೇ ನಾಲ್ವರು ಇದ್ದರಂತೆ. ಇಬ್ಬರು ಇವರನ್ನು ಕಂಡು ಮುಖ ತಿರುಗಿಸಿಕೊಂಡರಂತೆ. "ಅವರಲ್ಲಿ ಹುಚ್ಚರು ಯಾರೂ ಇರಲಿಲ್ಲ" ಎಂದು ಮಾತ್ರ ಹೇಳಿದರು. ಮಗಳು ಆ ವಾರವೇ ಕಾಲೇಜು ಸೇರಿದಳು.

ಮುಖ ತಿರುಗಿಸಿಕೊಂಡವರನ್ನು ನಾನು ಹಳಿಯುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ನೋಡಿದಾಗ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ಈ ಶಾಮಿಯಾನದ ಕೆಳಗೂ ಅಂಥವರು ಇದ್ದೇವೆ. ನಮ್ಮಲ್ಲಿ 'ಅಸರ್' ಆಗಿದೆ, 'ಸಾಯಾ' ಬಿದ್ದಿದೆ ಎಂದು ತಿಂಗಳುಗಟ್ಟಲೆ ತಿರುಗುತ್ತೇವೆ. ದುವಾ ಮಾಡಲಿ, ಮಾತ್ರೆಯೂ ನುಂಗಲಿ, ಒಂದಕ್ಕೊಂದು ಅಡ್ಡಿಯಿಲ್ಲ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಊರಿನ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಇಪ್ಪತ್ತೈದಕ್ಕೂ ಹೆಚ್ಚು ಮಾನಸಿಕ ರೋಗಿಗಳು ಕಾಲಿನ ಸರಪಳಿ ಬಿಡಿಸಿಕೊಳ್ಳಲಾಗದೆ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರು ಹೆತ್ತವರು, ಒಡಹುಟ್ಟಿದವರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಪೂರ್ತಿ ನಿಷೇಧಿಸಿದೆ.

ಇದು ನಮ್ಮ ಪರಂಪರೆಯಲ್ಲ ಎನ್ನುವವರಿಗೆ ಒಂದು ಮಾತು. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಸೇರಿಸಿ ಒಂದೇ ಗ್ರಂಥ ಬರೆದರು. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವೂ ದಿಕ್ಕಿಲ್ಲದ ರೋಗಿಗಳ ಚಿಕಿತ್ಸೆಯ ಮಾತಾಡುತ್ತದೆ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಅವರಿದ್ದ ಕಡೆಯೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ವಿಚಾರಿಸಿಕೊಂಡರು. ಶಿವಮೊಗ್ಗದ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಕಾಯಿಲೆಯ ವಿಷಯವನ್ನು ಕನ್ನಡದಲ್ಲಿ ಜನರಿಗೆ ತಿಳಿಸುತ್ತಿದ್ದರು.

ಈಗ ನನ್ನ ಕಸುಬಿಗೆ ಬರುತ್ತೇನೆ. ಮುರಿದ ಮೂಳೆ ಎಕ್ಸ್-ರೇಯಲ್ಲಿ ಕಾಣುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುವುದು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ರೋಗ ತಿಳಿಯುವುದು ರೋಗಿಯೊಡನೆ ಮಾತಾಡಿ, ಅವರನ್ನು ಗಮನಿಸಿ, ಮನೆಯವರನ್ನು ಕೇಳಿ. ಅದನ್ನೂ ಇಂಟರ್‌ವ್ಯೂ ಎಂದೇ ಕರೆಯುತ್ತಾರೆ. ಎಂ.ಡಿ. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲೂ ಒಬ್ಬ ರೋಗಿಯ ಜೊತೆ ಕುಳಿತು ಕಥೆ ಪೂರ್ತಿ ಕೇಳಿ, ಪರೀಕ್ಷಕರಿಗೆ ಒಪ್ಪಿಸಬೇಕು.

ನಮ್ಮ ಓಣಿಯ ಒಬ್ಬ ವಯಸ್ಸಾದ ಖಾಲಾ ಅವರನ್ನು ಅವರ ಮಗನೊಂದಿಗೆ ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಖಾಲಾ ನಮ್ಮ ದಖನಿಯಲ್ಲಿ "ಜೀ ಘಬ್ರಾರಾ" ಎಂದರು. ಮಗ ಡಾಕ್ಟರಿಗೆ "ಗಾಬರಿ ಆಗುತ್ತಂತೆ" ಎಂದ. ಒಳ್ಳೆಯ ಹುಡುಗ ಡಾಕ್ಟರ್, ಸಮಾಧಾನವಾಗಿ ಕೇಳಿದರು: "ಯಾರ ಭಯ ಅಜ್ಜಿ? ಮನೇಲಿ ಯಾರಾದ್ರೂ ಬೈತಾರಾ?" ಖಾಲಾಗೆ ಸಿಟ್ಟೇ ಬಂತು, ನಾನು ಯಾರಿಗೆ ಹೆದರಬೇಕು ಎಂದರು. ನೋಡಿ, ಕೇಳಲು ಪದ ಒಂದೇ ಥರ ಇದೆ. ಆದರೆ ಕನ್ನಡದ ಗಾಬರಿಯಲ್ಲಿ ಹೆದರಿಕೆ ಇದೆ. 'ಜೀ ಘಬ್ರಾರಾ' ಎಂದರೆ ಹೊಟ್ಟೆ ತೊಳಸಿದ ಹಾಗೆ, ಉಸಿರು ಕಟ್ಟಿದ ಹಾಗೆ, ಕೂತಲ್ಲಿ ಕೂರಲಾಗದ ಹಾಗೆ, ಏನೂ ಬೇಡವೆನಿಸಿದ ಹಾಗೆ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಡಾಕ್ಟರ್ ಪೆನ್ನು ಕೆಳಗಿಟ್ಟು, "ಯಾವಾಗಿಂದ?" ಎಂದರು. ಖಾಲು ತೀರಿಕೊಂಡ ನಲವತ್ತನೇ ದಿನದಿಂದ ಎಂದು ಖಾಲಾ ಹೇಳಿದರು. ಅದು ಮಗನಿಗೂ ಅಂದೇ ಗೊತ್ತಾದದ್ದು.

ಸೈನ್ಸ್ ತೆಗೆದುಕೊಂಡ ಮೇಲೆ ಉರ್ದು ಯಾಕೆ, ಕನ್ನಡ ಯಾಕೆ, ಪಾಸಾದರೆ ಸಾಕು ಎನ್ನುವ ಪಾಲಕರು ಇಲ್ಲಿ ತುಂಬಾ ಇದ್ದೀರಿ. ರ‍್ಯಾಂಕಿಗೆ ಅದು ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಸೀಟು ಸಿಕ್ಕ ಮರುದಿನದಿಂದ ಬೇಕಾಗುತ್ತದೆ. ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ ಆಡುವ ಶಿರಾಳಕೊಪ್ಪದ ಹುಡುಗಿಗೆ ಈ ಕೆಲಸದಲ್ಲಿ ಇರುವ ಅನುಕೂಲ ದೊಡ್ಡ ಊರಿನ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಸುಲಭವಾಗಿ ಸಿಗುವುದಿಲ್ಲ.

ಆ ವಿದ್ಯಾರ್ಥಿನಿ ಈಗ ನನಗೆ ಫೋನ್‌ನಲ್ಲಿ ಪದಗಳನ್ನು ಕಳಿಸುತ್ತಾಳೆ. ರೋಗಿ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡ ಮಾತ್ರ ಬಲ್ಲ ಸಹೋದ್ಯೋಗಿಗಳಿಗೆ ಹೇಗೆ ತಿಳಿಸುವುದು ಎಂದು ಕೇಳುತ್ತಾಳೆ. 'ಉಲ್ಝನ್' ಎಂದು ಕಳಿಸಿದಳು, 'ತೊಳಲಾಟ' ಎಂದು ಬರೆದೆ. ಮೊನ್ನೆ 'ವಹಶತ್' ಎಂದು ಕಳಿಸಿದ್ದಾಳೆ. ದಿಗಿಲು ಎನ್ನೋಣವೆಂದರೆ ಅದರಲ್ಲಿರುವ ಒಂಟಿತನ ಬಿಟ್ಟುಹೋಗುತ್ತದೆ. ಇನ್ನೂ ಉತ್ತರ ಕೊಟ್ಟಿಲ್ಲ. ಇಲ್ಲಿ ಕುಳಿತ ಹಿರಿಯರಲ್ಲಿ ಯಾರಿಗಾದರೂ ಸರಿಯಾದ ಕನ್ನಡ ಪದ ಹೊಳೆದರೆ, ಊಟಕ್ಕೆ ಏಳುವ ಮೊದಲು ನನಗೆ ಹೇಳಿ.