ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕು ದೀಪ, ಬಾನೆಟ್ ಕೆಳಗೆ ಒಂದೇ ಬೋಲ್ಟ್

ಹೋದ ಕಂತಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಇನ್ಶೂರೆನ್ಸ್ ಬಗ್ಗೆ ಮಾತಾಡಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಇನ್ಶೂರೆನ್ಸ್ ಬಗ್ಗೆ ಕೇಳಿದವರು ಕಮ್ಮಿ. "ಬ್ರೋ, ಕಾರಲ್ಲಿ ಇದ್ದಕ್ಕಿದ್ದ ಹಾಗೆ ಲೈಟ್ ಬರ್ತಿದೆ, ಗ್ಯಾರೇಜಿನವರು ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ, ಏನು ಮಾಡಲಿ" ಅಂತ ಕೇಳಿದವರೇ ಜಾಸ್ತಿ. ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಬಿ.ಕಾಂ. ಆದರೆ ಇದೇ ಕಾಟದಲ್ಲಿ ನಮ್ಮ ಮನೆ ಮೂರು ತಿಂಗಳು ಒದ್ದಾಡಿದೆ. ಇವತ್ತು ಆ ಕಥೆ.

ನಮ್ಮಪ್ಪನ ಕಾರು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ಯಾಕಂದ್ರೆ ತಪ್ಪು ಕಂಪನಿಯದ್ದಲ್ಲ. ತಿಪಟೂರಲ್ಲಿ ಅಪ್ಪನದು ಸಣ್ಣ ದಿನಸಿ ಅಂಗಡಿ. ಅಮ್ಮನಿಗೆ ವಾರಕ್ಕೆ ಎರಡು ಸಲ ತುಮಕೂರಿನಲ್ಲಿ ಡಯಾಲಿಸಿಸ್. ಹೋಗೋಕೆ 70 ಕಿಲೋಮೀಟರ್ ಚಿಲ್ಲರೆ, ಬರೋಕೆ ಅಷ್ಟೇ. ಡಯಾಲಿಸಿಸ್ ಮುಗಿಸಿದವರನ್ನ ಬಸ್ಸಲ್ಲಿ ನಿಲ್ಲಿಸಿಕೊಂಡು ಕರಕೊಂಡು ಬರೋಕೆ ಆಗಲ್ಲ. ಹಾಗಾಗಿ ನಮಗೆ ಆ ಕಾರು ಕಾರಲ್ಲ, ಅಮ್ಮನ ಟೈಮ್‌ಟೇಬಲ್.

ಶುರುವಾಗಿದ್ದು ಬ್ಯಾಟರಿ ದೀಪದಿಂದ. ಪೂರ್ತಿ ಉರೀತಿರಲಿಲ್ಲ, ಮಂಕಾಗಿ, ಉರಿದ ಹಾಗೂ ಇಲ್ಲ ಆರಿದ ಹಾಗೂ ಇಲ್ಲ. ಆಮೇಲೆ ಚೆಕ್ ಎಂಜಿನ್. ಅದರ ಹಿಂದೆ ಪವರ್ ಸ್ಟೀರಿಂಗ್ ದೀಪ, ಕೊನೆಗೆ ಎಬಿಎಸ್. ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಕೆಳಗಿಳಿಯುತ್ತೆ, ಆಫ್ ಮಾಡಿದರೆ ಮೇಲೇರುತ್ತೆ. ಪೆಟ್ರೋಲ್ ಇಷ್ಟು ಸಲೀಸಾಗಿ ವಾಪಸ್ ಬರೋ ಹಾಗಿದ್ದರೆ ನಾನು ಪಾಡ್‌ಕಾಸ್ಟ್ ಯಾಕೆ ಮಾಡ್ತಿದ್ದೆ ಹೇಳಿ!

ಮೊದಲನೇ ಗ್ಯಾರೇಜ್: "ಬ್ಯಾಟರಿ ಹೋಗಿದೆ." ಹೊಸದು, 4,200 ರೂಪಾಯಿ. ಹತ್ತು ದಿನ ಚೆನ್ನಾಗಿತ್ತು. ಎರಡನೇ ಕಡೆ ಆಲ್ಟರ್ನೇಟರ್ ಬಿಚ್ಚಿ, ಬ್ರಷ್ ಬದಲಿಸಿದರು, 2,800. ಟೆಸ್ಟ್ ಬೆಂಚಲ್ಲಿ ಚೆಕ್ ಮಾಡಿ "ಫಸ್ಟ್ ಕ್ಲಾಸ್ ಚಾರ್ಜ್ ಆಗ್ತಿದೆ" ಅಂದರು. ಅದು ಸುಳ್ಳಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಇನ್ನೂ ಕೆಲವರು "ಆಯುಧಪೂಜೆಗೆ ಎಂಜಿನ್ ಮೇಲೆ ಪ್ರೆಷರ್ ವಾಟರ್ ಬಿಟ್ಟಿದ್ದೀರಿ, ಅದರದ್ದೇ" ಅಂದರು. ಅದೂ ಒಂದು ಸಾಧ್ಯತೆಯೇ. ಕನೆಕ್ಟರ್ ಒಳಗೆ ನೀರು ಕೂತರೆ ಇಂಥದ್ದೇ ಭೂತಚೇಷ್ಟೆ ಆಗುತ್ತೆ. ಹಬ್ಬಕ್ಕೆ ಕಾರು ತೊಳೀರಿ, ನಿಂಬೆಹಣ್ಣು ಇಡಿ, ಎಂಜಿನ್‌ಗೆ ಮಾತ್ರ ಒದ್ದೆ ಬಟ್ಟೆ ಸಾಕು. ಮೂರನೇ ಗ್ಯಾರೇಜಲ್ಲಿ ತೀರ್ಪು ಬಂತು: "ಇಸಿಯು ಹೋಗಿದೆ, 24,000 ಆಗುತ್ತೆ."

ಅಪ್ಪ ಯೋಚನೆ ಮಾಡ್ತಾ ಇದ್ದ ವಾರವೇ, ತುಮಕೂರಿಂದ ವಾಪಸ್ ಬರುವಾಗ, ಗುಬ್ಬಿ ದಾಟಿದ ಮೇಲೆ, ರಾತ್ರಿ ಎಂಟೂವರೆಗೆ ಸ್ಟೀರಿಂಗ್ ಕಲ್ಲಾಯ್ತು. ಹೆಡ್‌ಲೈಟ್ ಹಳದಿಗೆ ತಿರುಗಿ, ಎಂಜಿನ್ ನಿಂತೇ ಹೋಯ್ತು. ಹಿಂದಿನ ಸೀಟಲ್ಲಿ ಅಮ್ಮ ಮಲಗಿದ್ದರು. ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ. ಅಪ್ಪ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಗುಜರಿಗೆ ಹಾಕೋಣ ಬಿಡು." ನನಗೆ ಕಾರಿಗಿಂತ ಆ ದನಿ ಕೇಳಿ ಬೇಜಾರಾಯ್ತು.

ಶನಿವಾರ ಬೆಂಗಳೂರಿಂದ ಹೊರಡುವಾಗ 450 ರೂಪಾಯಿಯ ಒಂದು ಮಲ್ಟಿಮೀಟರ್ ತಗೊಂಡೆ.

ಈಗ ವಿಷಯಕ್ಕೆ ಬರ್ತೀನಿ. ಹಳೇ ಕಾರಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ದೀಪ ಒಟ್ಟಿಗೆ ಬಂದರೆ, ಆ ನಾಲ್ಕೂ ಪಾರ್ಟ್ ಒಟ್ಟಿಗೆ ಕೆಟ್ಟಿರೋ ಸಾಧ್ಯತೆ ಬಹಳ ಕಮ್ಮಿ. ನಾಲ್ಕಕ್ಕೂ ಸಾಮಾನ್ಯವಾಗಿರೋದು ಏನು? ವೋಲ್ಟೇಜ್ ಮತ್ತು ಅರ್ತಿಂಗ್. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಬ್ಯಾಟರಿ ಪ್ಲಸ್‌ನಿಂದ ಹೊರಟ ಕರೆಂಟ್ ಸುತ್ತಿ ಮೈನಸ್‌ಗೆ ವಾಪಸ್ ಬರಲೇಬೇಕು. ಹೋಗೋಕೆ ಪ್ರತ್ಯೇಕ ವೈರ್ ಇದೆ. ವಾಪಸ್ ಬರೋಕೆ ಮಾತ್ರ ಕಾರಿನ ಬಾಡಿಯೇ ದಾರಿ. ಆದರೆ ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ರಬ್ಬರ್‌ನಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬ್ಯಾಟರಿ ಮೈನಸ್‌ಗೆ ಒಂದು ದಪ್ಪ ಅರ್ತ್ ಕೇಬಲ್ ಇರುತ್ತೆ. ಅದು ಸಡಿಲವಾದರೆ ಕರೆಂಟ್ ಸುಮ್ಮನಿರಲ್ಲ, ಅಡ್ಡದಾರಿ ಹಿಡಿಯುತ್ತೆ. ಸಣ್ಣ ವೈರ್‌ಗಳಲ್ಲಿ ನುಗ್ಗುತ್ತೆ, ಕ್ಲಚ್ ಕೇಬಲ್‌ನಲ್ಲೂ ಹರಿದು ಅದು ಬಿಸಿಯಾಗಿದ್ದೂ ಉಂಟು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕೋದು ನೋಡಿರ್ತೀರಲ್ಲ, ಅದೂ ಇದೇ ಜಾತಿ: ಹಿಂದಿನ ಲ್ಯಾಂಪ್‌ನ ಅರ್ತ್ ಹೋಗಿ, ಕರೆಂಟ್ ಪಕ್ಕದ ಬಲ್ಬ್ ಮೂಲಕ ಮನೆಗೆ ಹೋಗ್ತಿರುತ್ತೆ.

ಮೀಟರ್ ಹಿಡಿದು ನಾನು ನೋಡಿದ್ದು ಹೀಗೆ. ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿ 12.2 ವೋಲ್ಟ್. ಪೂರ್ತಿ ಚಾರ್ಜ್ ಆಗಿದ್ದರೆ 12.6ರ ಹತ್ತಿರ ಇರಬೇಕು, 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್ ಹಾಕಿದೆ. ಬ್ಯಾಟರಿ ಮೇಲೆ 12.9. ಇಂಥ ಕಾರಲ್ಲಿ ಅದು 13.8ರಿಂದ 14.5ರ ಒಳಗೆ ಇರಬೇಕಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ "ಆಲ್ಟರ್ನೇಟರ್ ಹೋಗಿದೆ" ಅಂತಲೇ ಹೇಳ್ತಿದ್ದೆ. ಆದರೆ ಮೀಟರ್‌ನ ಒಂದು ಕಡ್ಡಿ ಆಲ್ಟರ್ನೇಟರ್‌ನ ದಪ್ಪ ಪ್ಲಸ್ ಬೋಲ್ಟ್‌ಗೆ, ಇನ್ನೊಂದು ಅದರದೇ ಮೈಗೆ ಇಟ್ಟಾಗ 14.3 ಬಂತು. ಬೆಲ್ಟ್ ತಿರುಗ್ತಾ ಇರುತ್ತೆ, ಶರ್ಟ್ ತೋಳು ಹುಷಾರು.

ಅಂದರೆ ಆಲ್ಟರ್ನೇಟರ್ 14.3 ಕೊಡ್ತಿದೆ, ಬ್ಯಾಟರಿಗೆ 12.9 ತಲುಪ್ತಿದೆ. 1.4 ವೋಲ್ಟ್ ಎಲ್ಲಿ ಹೋಯ್ತು? ಪ್ಲಸ್ ಕಡೆ ನೋಡಿದೆ, ಆಲ್ಟರ್ನೇಟರ್ ಬೋಲ್ಟ್‌ನಿಂದ ಬ್ಯಾಟರಿ ಪ್ಲಸ್‌ಗೆ 0.1. ಪರವಾಗಿಲ್ಲ. ಆಮೇಲೆ ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕ್‌ನ ಖಾಲಿ ಲೋಹಕ್ಕೆ: 1.3. ಎರಡೂ ತುದಿ ಅರ್ತ್ ತಾನೇ, ಅಲ್ಲಿ ಸೊನ್ನೆ ಹತ್ತಿರ ಇರಬೇಕು. 12.9, 0.1, 1.3 ಕೂಡಿಸಿದರೆ 14.3. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದಾಗ ಆಗೋ ಖುಷಿ ಕಾಮರ್ಸ್‌ನವರಿಗೆ ಮಾತ್ರ ಗೊತ್ತು. ಅಪ್ಪನ ಅಂಗಡಿ ನೋಟ್‌ಬುಕ್‌ನಲ್ಲೇ ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಎರಡು ಸಲ ಕೂಡಿಸಿ ನೋಡಿದರು.

ಇದಕ್ಕೆ ಹೆಸರು ವೋಲ್ಟೇಜ್ ಡ್ರಾಪ್ ಟೆಸ್ಟ್. ಬಿಚ್ಚೋದೇನಿಲ್ಲ, ಲೋಡ್ ಇರುವಾಗ ಮುಟ್ಟಿ ನೋಡೋದಷ್ಟೇ. ಲೋಡ್ ಇಲ್ಲದೆ ನೋಡಿದರೆ ಅರ್ಧ ಕಿತ್ತ ಕೇಬಲ್ ಕೂಡ ಸರಿ ಅಂತಲೇ ತೋರಿಸುತ್ತೆ. ಬೆಂಚಲ್ಲಿ ಪಾಸಾದ ಆಲ್ಟರ್ನೇಟರ್ ಕಾರಲ್ಲಿ ಫೇಲಾಗಿದ್ದು ಅದಕ್ಕೇ. ಬೆಂಚಲ್ಲಿ ನಮ್ಮ ಕಾರಿನ ಕೇಬಲ್ ಇರಲಿಲ್ಲ!

ಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. ಜಂಪ್ ಸ್ಟಾರ್ಟ್ ಕೇಬಲ್‌ನ ಕಪ್ಪು ವೈರ್ ತಗೊಳ್ಳಿ. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್‌ನ ಗಟ್ಟಿ ಲೋಹಕ್ಕೆ ಕಚ್ಚಿಸಿ, ಬೆಲ್ಟು, ಫ್ಯಾನಿನಿಂದ ದೂರ. ಸ್ಟಾರ್ಟ್ ಮಾಡಿ. ಆಟ ನಿಂತಿತೋ, ನಿಮ್ಮ ಅರ್ತಿಂಗೇ ಕಳ್ಳ. ಪ್ಲಸ್ ಕಡೆ ಹೋಗಬೇಡಿ, ಕಪ್ಪು ಮಾತ್ರ.

ಹುಡುಕಿದಾಗ ಸಿಕ್ಕಿದ್ದು ಗೇರ್‌ಬಾಕ್ಸ್ ಮೇಲೆ. ನಾಲ್ಕು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಿದ್ದರು. ವಾಪಸ್ ಹಾಕುವಾಗ ಅರ್ತ್ ಕೇಬಲ್‌ನ ಬೋಲ್ಟ್ ಪೂರ್ತಿ ಬಿಗಿ ಮಾಡಿಲ್ಲ. ಕೈಯಲ್ಲೇ ತಿರುಗ್ತಿತ್ತು. ಲಗ್ ಕೆಳಗೆ ಹಸಿರು ಪುಡಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆ ಜಾಗ ಲೋಹ ಹೊಳೆಯೋ ತನಕ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, 380 ರೂಪಾಯಿಯ ಹೊಸ ಕೇಬಲ್ ಹಾಕಿದೆವು. ಮತ್ತೆ ಅಳೆದಾಗ 1.3 ಇದ್ದ ಜಾಗದಲ್ಲಿ 0.04.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಬ್ಲೂಟೂತ್ ಓಬಿಡಿ ರೀಡರ್ ಈಗ ಅಗ್ಗಕ್ಕೆ ಸಿಗುತ್ತೆ, ತಗೊಳ್ಳಿ, ತಪ್ಪಿಲ್ಲ. ತೀರಾ ಹಳೇ ಕಾರಿನ ಜೊತೆ ಅದು ಮಾತಾಡದೇ ಇರಬಹುದು. ನಮ್ಮದರಲ್ಲಿ ಪಿ0562 ಅಂತ ಕೋಡ್ ಇತ್ತು. ಅದರ ಅರ್ಥ ಸಿಸ್ಟಮ್ ವೋಲ್ಟೇಜ್ ಕಮ್ಮಿ ಅಂತ, ಅಷ್ಟೇ. ಇಸಿಯು ಸತ್ತಿದೆ ಅಂತ ಅದು ಎಲ್ಲೂ ಹೇಳಿರಲಿಲ್ಲ, ಪಾಪ, ಊಟ ಸಾಲ್ತಿಲ್ಲ ಅಂತ ಅಳ್ತಿತ್ತು. ಕೋಡ್ ತೋರಿಸೋದು ಯಾವ ಸರ್ಕ್ಯೂಟಲ್ಲಿ ತೊಂದರೆ ಅಂತ. ಯಾವ ಪಾರ್ಟ್ ಕೊಂಡ್ಕೋಬೇಕು ಅಂತಲ್ಲ. ಕೋಡ್ ಅಳಿಸೋ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಕೈ ಹಾಕಬಾರದ ವಿಷಯ. ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಓಡ್ತಿರುವಾಗ ಬಂದರೆ "ಮನೆ ಹತ್ತಿರ ಇದೆ" ಅನ್ನಬೇಡಿ, ಸೈಡಿಗೆ ಹಾಕಿ ಎಂಜಿನ್ ಆಫ್ ಮಾಡಿ. ಟೆಂಪರೇಚರ್ ಕೆಂಪಾದರೂ ಹಾಗೇ. ಚೆಕ್ ಎಂಜಿನ್ ಸುಮ್ಮನೆ ಉರೀತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು, ಮಿಣುಕ್ತಿದ್ದರೆ ಮಿಸ್‌ಫೈರ್ ಆಗ್ತಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಏರ್‌ಬ್ಯಾಗ್ ದೀಪ ಬಂದರೆ ಸೀಟ್ ಕೆಳಗಿನ ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ತಾಗಿಸೋಕೆ ಹೋಗಬೇಡಿ, ಅದು ಗೊತ್ತಿರೋರ ಕೆಲಸ.

ಆ ಕ್ಲಚ್ ಕೆಲಸ ಮಾಡಿದವರ ಮೇಲೆ ಸಿಟ್ಟಿದೆಯಾ ಅಂತ ಕೇಳಿದರೆ, ಸ್ವಲ್ಪ ಇದೆ. ಬೋಲ್ಟ್ ಮರೆಯೋದು ಮನುಷ್ಯ ಸಹಜ. ಅಳೆಯದೇ 24,000 ಹೇಳಿದವರ ಮೇಲೆ ಜಾಸ್ತಿ ಇದೆ. ಆದರೆ ಅಪ್ಪ ಇಬ್ಬರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಸೋಮವಾರ ಅಮ್ಮನನ್ನ ಕೂರಿಸಿಕೊಂಡು ತುಮಕೂರಿಗೆ ಹೊರಟರು. ಗುಬ್ಬಿ ದಾಟಿದ ಮೇಲೆ ಅಮ್ಮನೇ ಫೋನ್ ಮಾಡಿದರು: "ಮೂರು ಆರಿದೆ ಕಣೋ, ಒಂದು ಉರೀತಿದೆ."

ಅದು ಎಬಿಎಸ್. ಹಿಂದಿನ ಎಡಗಡೆ ಚಕ್ರದ ಸೆನ್ಸರ್ ವೈರ್‌ನ ಇಲಿ ಕಡಿದಿತ್ತು. ಅಪ್ಪ ಈಗ ಬಾನೆಟ್ ಒಳಗೆ ಹೊಗೆಸೊಪ್ಪು ಇಡ್ತಿದ್ದಾರೆ. ಅದರಿಂದ ಇಲಿ ಹೋಗುತ್ತೋ ಇಲ್ವೋ, ಮುಂದಿನ ಕಂತಲ್ಲಿ ನೋಡೋಣ.